ಪುಟ್ಟ ಮೋಡ ತಂಪು ಮಾಡುವುದು ಹೇಗೆ?

ಮೋಡಗಳೂ ಶಾಖವನ್ನು ಹಿಡಿದಿಡುತ್ತವೆ, ಹಾಗಿದ್ದ ಮೇಲೆ ಉಷ್ಣವಲಯದ ಕಡಲ ಮೇಲಿನ ಪುಟ್ಟ ಮೋಡಗಳು ಭೂಮಿಯನ್ನು ಹೇಗೆ ತಂಪು ಮಾಡುತ್ತವೆ ಅಂತ ಕೇಳಿದ್ದೀರಿ. ಉತ್ತರ ಇರುವುದು ಮೋಡದ ನೆತ್ತಿಯ ಎತ್ತರದಲ್ಲಿ.

ಇವುಗಳ ನೆತ್ತಿ ಸಾಮಾನ್ಯವಾಗಿ 1ರಿಂದ 3 ಕಿಲೋಮೀಟರ್ ಎತ್ತರದಲ್ಲೇ ಇರುತ್ತದೆ. ಅಲ್ಲಿ ಚಳಿ ಅಷ್ಟೇನೂ ಇಲ್ಲ. ಹಾಗಾಗಿ ಮೋಡ ಕಡಲಿನ ಶಾಖವನ್ನು ಹೀರಿಕೊಂಡರೂ ಹೆಚ್ಚುಕಡಿಮೆ ಅಷ್ಟನ್ನೇ ಮೇಲಕ್ಕೆ ಬಿಟ್ಟುಬಿಡುತ್ತದೆ. 12 ಕಿಲೋಮೀಟರ್ ಮೇಲಿನ ತೆಳು ಹಿಮಮೋಡದ ಕಥೆಯೇ ಬೇರೆ. ಅದು ತುಂಬಾ ತಣ್ಣಗಿರುತ್ತದೆ, ಹೊರಗೆ ಬಿಡುವುದು ಕಡಿಮೆ, ಹಿಡಿದಿಡುವುದೇ ಜಾಸ್ತಿ.

ಇನ್ನು ಬಿಸಿಲು. ಕಡಲು ಕಪ್ಪು ಅಲ್ವಾ, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 6ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಬಿಳಿ ಮೋಡ ಅದರ ಎಷ್ಟೋ ಪಟ್ಟು ಕಳಿಸುತ್ತದೆ. ಒಂದೊಂದೂ ಚಿಕ್ಕದೇ, ಆದರೆ ಅವು ಹರಡಿರುವ ಕಡಲು ಬಹಳ ದೊಡ್ಡದು.

ಕಡಲು ಬಿಸಿಯಾದಂತೆ ಇವು ಕರಗಿಬಿಟ್ಟರೆ? ಈ ಭಯ ನನಗೂ ಇತ್ತು. 2020ರ ಆರಂಭದಲ್ಲಿ ಬಾರ್ಬಡೋಸ್ ಬಳಿ ಯುರೇಕಾ ಅನ್ನುವ ಅಭಿಯಾನದಲ್ಲಿ ವಿಮಾನ, ಹಡಗುಗಳಿಂದ ಇವನ್ನು ಅಳೆದರು. ಮೇಲಿನ ಒಣಗಾಳಿ ಬೆರೆತು ಮೋಡ ಬತ್ತಿಹೋಗುತ್ತದೆ ಎಂದು ಕೆಲವು ಕಂಪ್ಯೂಟರ್ ಮಾದರಿಗಳು ತೋರಿಸಿದ್ದವು. ಅಳತೆಯಲ್ಲಿ ಹಾಗೆ ಕಾಣಲಿಲ್ಲ. ಅಂದರೆ ಈ ಮೋಡಗಳು ಕರಗಿಹೋಗಿ ತಾಪಮಾನ ವಿಪರೀತ ಏರುವ ಸಾಧ್ಯತೆ ಕಡಿಮೆ.