ಹಳೆಯ ಪ್ಯಾಕೆಟ್ ಮೋಡೆಮ್ ಲಿನಕ್ಸ್ ಜೊತೆ ಹೊಂದುತ್ತಾ?

ಪ್ರಶ್ನೆ: ನನಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ. ರೇಡಿಯೊ ಮೂಲಕ ಡೇಟಾ ಪ್ಯಾಕೆಟ್ ಕಳಿಸುವ 1200 ಬಾಡ್‌ನ ಹಳೆಯ ಟಿಎನ್‌ಸಿ ಮೋಡೆಮ್ ಒಂದನ್ನು ಕಿಸ್ ಮೋಡ್‌ನಲ್ಲಿ (ಪ್ಯಾಕೆಟ್‌ಗಳನ್ನು ಸರಳವಾಗಿ ಕಂಪ್ಯೂಟರ್‌ಗೆ ದಾಟಿಸುವ ವಿಧಾನ) ಲಿನಕ್ಸ್‌ಗೆ ಜೋಡಿಸಿದ್ದೇನೆ. ಬೇರೆಯವರ ಪ್ಯಾಕೆಟ್ ಚೆನ್ನಾಗಿ ಬರುತ್ತಿವೆ, ನಾನು ಕಳಿಸಿದ್ದಕ್ಕೆ ಮಾತ್ರ ಉತ್ತರವೇ ಇಲ್ಲ. ಹೊಸ ಮೋಡೆಮ್ ಕೊಳ್ಳಬೇಕಾ?

ಉತ್ತರ: ಬೇಡ, ಸುಮ್ನೆ ದುಡ್ಡು ಹಾಕಬೇಡಿ. ಪ್ಯಾಕೆಟ್ ಬರುತ್ತಿವೆ ಅಂದರೆ ಸೀರಿಯಲ್ ವೇಗವೂ ಕಿಸ್ ಮೋಡೂ ಸರಿಯಿವೆ ಅಂತ ಅರ್ಥ. ಕಳಿಸುವಾಗ ರೇಡಿಯೊದ ಟ್ರಾನ್ಸ್‌ಮಿಟ್ ದೀಪ ಹತ್ತುತ್ತಾ? ಹತ್ತದಿದ್ದರೆ ಪಿಟಿಟಿ ತಂತಿ, ಅಂದರೆ ರೇಡಿಯೊವನ್ನು ಪ್ರಸಾರಕ್ಕೆ ತಿರುಗಿಸುವ ತಂತಿ ನೋಡಿ. ಹತ್ತಿದರೆ ನನ್ನ ಅನುಮಾನ ಟಿಎಕ್ಸ್ ಡಿಲೇ ಮೇಲೆ, ಅಂದರೆ ಪಿಟಿಟಿ ಒತ್ತಿದ ಮೇಲೆ ಡೇಟಾ ಬಿಡುವ ಮುನ್ನ ಮೋಡೆಮ್ ಕಾಯುವ ಸಮಯ. ಪಿಟಿಟಿ ಒತ್ತಿದ ತಕ್ಷಣ ರೇಡಿಯೊ ಪೂರ್ತಿ ಪ್ರಸಾರಕ್ಕೆ ಬರುವುದಿಲ್ಲ, ಅಷ್ಟರೊಳಗೆ ಮೋಡೆಮ್ ಡೇಟಾ ಬಿಟ್ಟರೆ ಪ್ಯಾಕೆಟ್‌ನ ತಲೆಯೇ ಕತ್ತರಿಸಿಹೋಗುತ್ತದೆ, ಆಚೆಯ ಮೋಡೆಮ್‌ಗೆ ಅದು ಅರ್ಥವಾಗುವುದೇ ಇಲ್ಲ. ಇಲ್ಲೊಂದು ಗೊಂದಲ ಇದೆ. ಕಿಸ್ ಪ್ರೋಟೊಕಾಲ್‌ನಲ್ಲಿ ಈ ಲೆಕ್ಕ 10 ಮಿಲಿಸೆಕೆಂಡ್‌ಗೆ ಒಂದರಂತೆ, ಅಂದರೆ 30 ಎಂದರೆ 300 ಮಿಲಿಸೆಕೆಂಡ್. ಈ ಸಮಯ ಹೊಂದಿಸುವ ಲಿನಕ್ಸ್‌ನ ಕಿಸ್‌ಪಾರ್ಮ್ಸ್ (kissparms) ಕಮಾಂಡ್ ಮಾತ್ರ ನೇರವಾಗಿ ಮಿಲಿಸೆಕೆಂಡ್ ಕೇಳುತ್ತದೆ. ಅಲ್ಲಿ 30 ಕೊಟ್ಟಿದ್ದರೆ ತುಂಬಾ ಕಮ್ಮಿ ಆಯಿತು, ಅಲ್ವಾ? 300 ಕೊಟ್ಟು ನೋಡಿ, ಕೆಲಸ ಮಾಡಿದರೆ ಆಮೇಲೆ ನಿಧಾನಕ್ಕೆ ಇಳಿಸಿ.

ಆಗಲೂ ಉತ್ತರ ಬರದಿದ್ದರೆ ಮೋಡೆಮ್‌ನಿಂದ ರೇಡಿಯೊಗೆ ಹೋಗುವ ಆಡಿಯೊ ಮಟ್ಟ ತಗ್ಗಿಸಿ. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಲ್ಲೇ ಡೇಟಾ ಹೋಗುವುದು, ಧ್ವನಿ ಜಾಸ್ತಿಯಾದರೆ ಅವು ಒಡೆಯುತ್ತವೆ. ಇನ್ನೊಂದು ರೇಡಿಯೊದಲ್ಲಿ ನಿಮ್ಮದೇ ಸಿಗ್ನಲ್ ಕೇಳಿ, ಆ ಆಡಿಯೊವನ್ನು ಸೌಂಡ್ ಕಾರ್ಡ್‌ಗೆ ಕೊಟ್ಟು ಡೈರ್‌ವುಲ್ಫ್ ಓಡಿಸಿ. ಅದು ಉಚಿತ ಸಾಫ್ಟ್‌ವೇರ್ ಮೋಡೆಮ್, ಪ್ಯಾಕೆಟ್ ಓದಲು ಬಂತಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.