ಕಂಕುಳಿನ ಅಪಧಮನಿ ಪುಸ್ತಕದ ಚಿತ್ರದಂತೆ ಯಾಕಿರುವುದಿಲ್ಲ?

ಹಾಸನದಲ್ಲಿ ಮೊದಲ ವರ್ಷದ ಎಂಬಿಬಿಎಸ್ ಓದುತ್ತಿರುವ ನಿಮ್ಮ ಪ್ರಶ್ನೆ ಇದು: ಡಿಸೆಕ್ಷನ್‌ನಲ್ಲಿ (ಶವ ಛೇದನದಲ್ಲಿ) ಎದೆಯ ಪಕ್ಕಕ್ಕೆ ರಕ್ತ ಒಯ್ಯುವ ಲ್ಯಾಟರಲ್ ಥೊರಾಸಿಕ್ ಅಪಧಮನಿ ನೇರವಾಗಿ ಆಕ್ಸಿಲರಿಯಿಂದ, ಅಂದರೆ ಕಂಕುಳಿನ ಮುಖ್ಯ ಅಪಧಮನಿಯಿಂದ ಹೊರಡದೆ, ಅದರದೇ ಇನ್ನೊಂದು ಕವಲಾದ ಸಬ್‌ಸ್ಕ್ಯಾಪುಲರ್‌ನಿಂದ ಹೊರಟಿತ್ತು, ನಾವು ತಪ್ಪಾಗಿ ಗುರುತಿಸಿದೆವಾ?

ಇಲ್ಲ, ಹೀಗಿರುವುದು ಸಾಮಾನ್ಯ. ಆಕ್ಸಿಲರಿಗೆ ಪುಸ್ತಕ ಹೇಳುವ 6 ಕವಲುಗಳು ಒಂದು ಮಾದರಿ ಅಷ್ಟೇ. ಲ್ಯಾಟರಲ್ ಥೊರಾಸಿಕ್ ಕೆಲವರಲ್ಲಿ ಆ ಆರರಲ್ಲೇ ಒಂದಾದ ಥೊರಾಕೊಅಕ್ರೋಮಿಯಲ್‌ನಿಂದಲೂ ಬರುತ್ತದೆ. ಸಬ್‌ಸ್ಕ್ಯಾಪುಲರ್ ಮತ್ತು ತೋಳಿನ ಮೂಳೆಯನ್ನು ಹಿಂದಿನಿಂದ ಬಳಸುವ ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸ್ ಹ್ಯೂಮರಲ್ ಒಂದೇ ಬುಡದಿಂದ ಹೊರಡುವುದೂ ಉಂಟು. ಅಪರೂಪಕ್ಕೆ ಮುಂಗೈಯ ರೇಡಿಯಲ್ ಅಪಧಮನಿಯೇ ಕಂಕುಳಿನಲ್ಲಿ ಹುಟ್ಟಿ ಕೆಳಗಿಳಿಯುತ್ತದೆ.

ಕಾರಣ ಭ್ರೂಣದಲ್ಲಿದೆ. ಕೈ ಮೊಳೆಯುವಾಗ ಅಲ್ಲಿರುವುದು ಸಣ್ಣ ನಾಳಗಳ ಬಲೆ. ಸಕಲೇಶಪುರದ ತೋಟದಲ್ಲಿ ಮಳೆನೀರು ಹತ್ತಾರು ಕಡೆ ಹರಿದು, ಜಾಸ್ತಿ ಹರಿದ ಜಾಗವೇ ಕೊನೆಗೆ ತೋಡಾಗುತ್ತದಲ್ವಾ, ಹಾಗೆಯೇ ರಕ್ತ ಹೆಚ್ಚು ಹರಿದ ದಾರಿ ಉಳಿಯುತ್ತದೆ, ಉಳಿದವು ಮಾಯವಾಗುತ್ತವೆ. ಯಾವುದು ಉಳಿಯಿತು ಎನ್ನುವುದರಲ್ಲಿ ಚೂರು ಬದಲಾದರೂ ಕವಲಿನ ಬುಡ ಬದಲಾಗುತ್ತದೆ. ಒಬ್ಬರದೇ ಎಡ, ಬಲ ಕೈಗಳಲ್ಲೂ ಬೇರೆ ಬೇರೆ ಇರಬಹುದು.

ಇದನ್ನು ಸುಮ್ನೆ ಪರೀಕ್ಷೆಗೆಂದು ಓದಬೇಡಿ. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯುವಾಗ, ಬೆನ್ನಿನ ಲ್ಯಾಟಿಸಿಮಸ್ ಸ್ನಾಯುವನ್ನು ತಿರುಗಿಸಿ ಸ್ತನ ಮರುರಚಿಸುವಾಗ, ಅನಿರೀಕ್ಷಿತ ಕವಲು ಕತ್ತರಿಸಿದರೆ ರಕ್ತಸ್ರಾವವಾಗುತ್ತದೆ. ಲ್ಯಾಟಿಸಿಮಸ್‌ಗೆ ರಕ್ತ ಕೊಡುವ ಥೊರಾಕೊಡಾರ್ಸಲ್ ಅಪಧಮನಿಗೆ ಪೆಟ್ಟಾದರೆ ತಿರುಗಿಸಿದ ಆ ಸ್ನಾಯು ಉಳಿಯುವುದೇ ಕಷ್ಟ.

ಮುಂದಿನ ಸಲ ಹೆಸರಿಡುವಾಗ ಕವಲು ಎಲ್ಲಿಂದ ಹೊರಟಿತು ಎಂದಷ್ಟೇ ನೋಡಬೇಡಿ, ಎಲ್ಲಿಗೆ ಹೋಗುತ್ತದೆ ಎಂದು ಕೊನೆತನಕ ಹಿಂಬಾಲಿಸಿ. ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಕೆಳ ಅಂಚಿನ ಗುಂಟ ಎದೆಯ ಪಕ್ಕಕ್ಕೆ ಇಳಿದರೆ ಅದು ಲ್ಯಾಟರಲ್ ಥೊರಾಸಿಕ್ಕೇ.