ಟೇಬಲ್ ಪಕ್ಕದ ಕುರ್ಚಿ: ಓದುಗರ ಪ್ರಶ್ನೆ, ಕೋಚ್ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತಮೂರು ವರ್ಷ. ಚಿಕ್ಕಂದಿನಿಂದ ಟೇಬಲ್ ಟೆನಿಸ್ ಆಡುತ್ತಿದ್ದಾನೆ. ರಾಜ್ಯ ಮಟ್ಟದಲ್ಲಿ ಒಳ್ಳೆ ಆಟಗಾರ ಅಂತಾರೆ, ಆದರೆ ದೇಶದ ತಂಡಕ್ಕೆ ಹೋಗುವ ಹಾಗೆ ಕಾಣುತ್ತಿಲ್ಲ. ಬಿ.ಕಾಂ. ಮುಗಿದಿದೆ. ಈಗ ಕೋಚ್ ಆಗುತ್ತೇನೆ ಅಂತ ಕೂತಿದ್ದಾನೆ. ‘ಆಡೋಕೆ ಆಗದವರು ತಾನೇ ಕೋಚ್ ಆಗೋದು’ ಅಂತ ನಮ್ಮ ಯಜಮಾನರು. ಮಗ ಜರ್ಮನಿಯ ರೊಸ್ಕೊಫ್ ಅನ್ನುವವರ ಹೆಸರು ಹೇಳಿ ಅಪ್ಪನ ಜೊತೆ ವಾದಕ್ಕಿಳಿಯುತ್ತಾನೆ. ಯಾರು ಅವರು? ನಮ್ಮಂಥವರ ಮಕ್ಕಳಿಗೆ ಆ ದಾರಿ ಆಗುತ್ತಾ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ತಾಯಿ, ನಿಮ್ಮ ಮಗ ಒಳ್ಳೆ ಹೆಸರನ್ನೇ ಹಿಡಿದಿದ್ದಾನೆ. ಯೋರ್ಗ್ ರೊಸ್ಕೊಫ್ ಅಂದರೆ ನನ್ನ ವಯಸ್ಸಿನ ಟಿಟಿ ಹುಚ್ಚರಿಗೆಲ್ಲ ಕಿವಿ ನೆಟ್ಟಗಾಗುತ್ತದೆ. 1969ರಲ್ಲಿ ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿ ಹುಟ್ಟಿದವರು. ಎಡಗೈ ಆಟಗಾರ, ಬ್ಯಾಕ್‌ಹ್ಯಾಂಡ್ ಅಂದರೆ ಬೆಂಕಿ. 1992ರಲ್ಲಿ ಯುರೋಪಿಯನ್ ಚಾಂಪಿಯನ್, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಕಂಚು, 1998ರಲ್ಲಿ ವಿಶ್ವಕಪ್. 1988ರ ಸೋಲ್‌ನಿಂದ 2004ರ ಅಥೆನ್ಸ್‌ವರೆಗೆ ಐದು ಒಲಿಂಪಿಕ್ಸ್ ಆಡಿದರು. ಇಂಥವರನ್ನು ಆಡೋಕೆ ಆಗದವರ ಸಾಲಿಗೆ ಸೇರಿಸಲು ನಿಮ್ಮ ಯಜಮಾನರಿಗೂ ಮನಸ್ಸು ಬರಲಿಕ್ಕಿಲ್ಲ.

ಆದರೆ ಅವರ ಕೋಚಿಂಗ್ ಅರ್ಥ ಆಗಬೇಕಾದರೆ ನಾನು ಈ ಸಿಂಗಲ್ಸ್ ಪದಕಗಳನ್ನು ಪಕ್ಕಕ್ಕಿಟ್ಟು ಡಬಲ್ಸ್ ನೋಡಿ ಅನ್ನುತ್ತೇನೆ. 1989, ಡಾರ್ಟ್‌ಮಂಡ್, ವಿಶ್ವ ಚಾಂಪಿಯನ್‌ಷಿಪ್. ಆಗಿನ ಪಶ್ಚಿಮ ಜರ್ಮನಿಯಲ್ಲಿ, ತವರಿನ ಜನದ ಎದುರು, ಹತ್ತೊಂಬತ್ತು ವರ್ಷದ ರೊಸ್ಕೊಫ್ ಮತ್ತು ಸ್ಟೆಫೆನ್ ಫೆಟ್ಸ್‌ನರ್ ಫೈನಲ್‌ಗೆ ಬಂದರು. ಎದುರಿಗೆ ಯುಗೊಸ್ಲಾವಿಯಾದ ಕಾಲಿನಿಚ್, ಪೋಲೆಂಡ್‌ನ ಕುಹಾರ್ಸ್ಕಿ. ಆಗ ಗೇಮ್ 21 ಪಾಯಿಂಟಿನದು. ಮೊದಲ ಗೇಮ್ ಹೋಯಿತು. ಮುಂದಿನ ಎರಡನ್ನೂ ಗೆದ್ದು ವಿಶ್ವ ಚಾಂಪಿಯನ್ನರಾದರು. ಮೂರು ವರ್ಷದ ಮೇಲೆ ಬಾರ್ಸಿಲೋನಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಚೀನಾದ ಲೂ ಲಿನ್–ವಾಂಗ್ ಟಾವೊ ಜೋಡಿಯನ್ನು ಐದನೇ ಗೇಮ್‌ವರೆಗೂ ಎಳೆದು, ಸೋತು, ಬೆಳ್ಳಿ ತಂದರು.

ಟಿಟಿ ಡಬಲ್ಸ್ ನೀವು ಹತ್ತಿರದಿಂದ ನೋಡಿದ್ದೀರಾ? ಬ್ಯಾಡ್ಮಿಂಟನ್ ಹಾಗಲ್ಲ ಇದು. ಇಲ್ಲಿ ಯಾರಿಗೆ ಬೇಕೋ ಅವರು ಹೊಡೆಯುವ ಹಾಗಿಲ್ಲ. ಒಂದು ಬಾಲ್ ನೀವು, ಮುಂದಿನದು ಜೊತೆಗಾರ. ಹೊಡೆದ ತಕ್ಷಣ ಜಾಗ ಬಿಡಬೇಕು, ಇಲ್ಲದಿದ್ದರೆ ಅವನ ಕೈಗೆ ನಿಮ್ಮ ಭುಜ ಅಡ್ಡ ಬರುತ್ತದೆ. ರೊಸ್ಕೊಫ್ ಎಡಗೈ, ಫೆಟ್ಸ್‌ನರ್ ಬಲಗೈ. ಒಬ್ಬರು ಈ ಕಡೆ ಸರಿದರೆ ಇನ್ನೊಬ್ಬರು ಆ ಕಡೆಯಿಂದ ಬರುತ್ತಾರೆ, ಡಿಕ್ಕಿ ಕಡಿಮೆ. ಅದಕ್ಕೇ ಎಲ್ಲ ಕೋಚ್‌ಗಳಿಗೂ ಎಡ–ಬಲ ಜೋಡಿ ಅಂದರೆ ಆಸೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಡಬಲ್ಸ್‌ನಲ್ಲಿ ನೀವು ಹೊಡೆಯುವ ಬಾಲ್ ನೇರ ಪಾಯಿಂಟ್ ಆಗಬೇಕು ಅಂತಿಲ್ಲ. ಎದುರಾಳಿ ಅದನ್ನು ಎಲ್ಲಿಗೆ ತಿರುಗಿಸುತ್ತಾನೆ, ಅಲ್ಲಿ ನನ್ನ ಜೊತೆಗಾರನಿಗೆ ಅನುಕೂಲ ಆಗುತ್ತಾ ಅಂತ ಮೊದಲೇ ಯೋಚಿಸಿ ಇಡಬೇಕು. ಹೊಡೆತ ನಿಮ್ಮದು, ಪಾಯಿಂಟ್ ಅವನದು. ಹತ್ತಾರು ವರ್ಷ ಹೀಗೆ ಆಡಿದವರು ಕೋಚ್ ಕುರ್ಚಿಗೆ ಬಂದಾಗ ಅರ್ಧ ಕೆಲಸ ಆಗಲೇ ಕಲಿತಿರುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ. ಬೇರೆ ಕೋಚ್‌ಗಳು ಒಪ್ಪದೇ ಇರಬಹುದು.

2010ರಲ್ಲಿ ರಿಚರ್ಡ್ ಪ್ರೌಸೆ ಅವರ ಜಾಗಕ್ಕೆ ರೊಸ್ಕೊಫ್ ಜರ್ಮನಿಯ ಪುರುಷರ ತಂಡದ ಕೋಚ್ ಆಗಿ ಬಂದರು. ತಂಡದಲ್ಲಿ ಯಾರಿದ್ದರು ನೋಡಿ. ಟಿಮೊ ಬೋಲ್, ಹಿಂದೆ ಇವರ ಜೊತೆಯಲ್ಲೇ ದೇಶಕ್ಕೆ ಆಡಿದವರು, 2003ರಲ್ಲೇ ವಿಶ್ವದ ಒಂದನೇ ಸ್ಥಾನಕ್ಕೆ ಹೋಗಿದ್ದವರು. ನಿನ್ನೆಯ ಜೊತೆಗಾರನಿಗೆ ಇವತ್ತು ‘ಹೀಗೆ ಮಾಡು’ ಅನ್ನುವುದು ಸುಲಭ ಅಲ್ಲ. ಇನ್ನೊಬ್ಬರು ಕೀವ್‌ನಲ್ಲಿ ಹುಟ್ಟಿದ ದಿಮಿತ್ರಿ ಒವ್ಚರೊವ್. ಸರ್ವಿಸ್ ಮಾಡುವಾಗ ಪೂರ್ತಿ ಕುಕ್ಕರಗಾಲಲ್ಲಿ ಕೂತು ಬ್ಯಾಕ್‌ಹ್ಯಾಂಡ್‌ನಿಂದ ತಿರುಗಿಸುತ್ತಾರೆ. ಪುಸ್ತಕದಲ್ಲಿ ಇರುವ ಸರ್ವಿಸ್ ಅಲ್ಲ ಅದು. ಆಮೇಲೆ ಬಂದ ಡಾಂಗ್ ಚಿಯು ಬ್ಯಾಟನ್ನು ಪೆನ್ ಹಿಡಿದ ಹಾಗೆ ಹಿಡಿಯುವವರು, ಯುರೋಪಿನಲ್ಲಿ ತುಂಬ ಅಪರೂಪ. ಈ ಮೂವರನ್ನೂ ತಮ್ಮ ಥರ ಆಡಿಸಲು ಹೋಗಿದ್ದರೆ ಮೂವರೂ ಕೆಡುತ್ತಿದ್ದರು. ಹಾಗಾಗಲಿಲ್ಲ. 2012ರ ಲಂಡನ್‌ನಲ್ಲಿ ತಂಡಕ್ಕೆ ಕಂಚು, ಒವ್ಚರೊವ್‌ಗೆ ಸಿಂಗಲ್ಸ್ ಕಂಚು. 2016ರ ರಿಯೋದಲ್ಲಿ ಮತ್ತೆ ತಂಡದ ಕಂಚು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಆತಿಥೇಯ ಜಪಾನ್ ಎದುರು. 3–2ರಲ್ಲಿ ಗೆದ್ದು ಫೈನಲ್‌ಗೆ ಹೋಗಿ ಬೆಳ್ಳಿ ತಂದರು. ಡಾಂಗ್ ಚಿಯು 2022ರಲ್ಲಿ ಮ್ಯೂನಿಕ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಆದರು. ಅಂದರೆ ತಾವು ಮೂವತ್ತು ವರ್ಷ ಹಿಂದೆ ಗೆದ್ದ ಪಟ್ಟವನ್ನೇ ತಮ್ಮ ಹುಡುಗ ಗೆದ್ದದ್ದನ್ನು ರೊಸ್ಕೊಫ್ ನೋಡಿದರು.

ಇನ್ನೂ ಒಂದು ಮಾತು. ಇವರು ಆಡುತ್ತಿದ್ದಾಗಲೇ ಆಟದ ರೂಪ ಬದಲಾಯಿತು. 2000ದಲ್ಲಿ ಬಾಲ್ 38 ಮಿಲಿಮೀಟರ್‌ನಿಂದ 40ಕ್ಕೆ ಏರಿತು, 2001ರಲ್ಲಿ 21 ಪಾಯಿಂಟಿನ ಗೇಮ್ 11ಕ್ಕೆ ಇಳಿಯಿತು. ಮೂವತ್ತು ದಾಟಿದ ಮೇಲೆ ಹೊಸದಾಗಿ ಕಲಿತರು. ಕೋಚ್ ಆದ ಮೇಲೆ 2014ರಲ್ಲಿ ಸೆಲ್ಯುಲಾಯ್ಡ್ ಬಾಲ್ ಹೋಗಿ ಪ್ಲಾಸ್ಟಿಕ್ ಬಂತು, ಸ್ಪಿನ್ ಕಡಿಮೆಯಾಯಿತು. ಆಗ ಹುಡುಗರ ಕಷ್ಟ ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಈಗ ನಿಮ್ಮ ಮಗನ ವಿಷಯ. ರೊಸ್ಕೊಫ್ ಹಾಗೆ ಪದಕ ಇಲ್ಲ ಅಂತ ಹಿಂದೇಟು ಹಾಕಬೇಕಿಲ್ಲ. ಆದರೆ ಒಂದು ಕೆಲಸ ಹೇಳಿ. ಮಲ್ಟಿ ಬಾಲ್ ಕೊಡುವುದನ್ನು ಕಲಿಯಲಿ. ಪಕ್ಕದಲ್ಲಿ ಬುಟ್ಟಿ ತುಂಬ ಬಾಲ್. ಒಂದು ಕೈಯಲ್ಲಿ ನಾಲ್ಕೈದು ಹಿಡಿದು, ಇನ್ನೊಂದು ಕೈಯ ಬ್ಯಾಟಿನಿಂದ ಒಂದರ ಹಿಂದೆ ಒಂದು ಕಳಿಸಬೇಕು. ಸುಮ್ನೆ ಕಳಿಸಿದರೆ ಸಾಲದು. ಈ ಬಾಲ್‌ಗೆ ಕೆಳಗಿನಿಂದ ಕತ್ತರಿಸಿದ ಸ್ಪಿನ್, ಮುಂದಿನದು ಮೇಲ್‌ಸ್ಪಿನ್, ಅದರ ಮುಂದಿನದು ಎದುರಿಗೆ ಅಭ್ಯಾಸ ಮಾಡುತ್ತಿರುವ ಹುಡುಗಿಯ ಮೊಣಕೈ ಮೇಲೆ. ಅಷ್ಟರಲ್ಲಿ ಕಣ್ಣು ಬಾಲ್ ಮೇಲೆ ಇರಬಾರದು, ಅವಳ ಕಾಲಿನ ಮೇಲೆ ಇರಬೇಕು. ಹಿಮ್ಮಡಿ ನೆಲಕ್ಕೆ ಅಂಟಿತಾ, ಹೊಡೆದ ಮೇಲೆ ವಾಪಸ್ ಬಂದಳಾ ನೋಡಬೇಕು. ಅವಳು ಸುಸ್ತಾಗುವ ಮೊದಲು ಗೊತ್ತಾಗಬೇಕು, ಸುಸ್ತಾದ ಮೇಲೆ ಎರಡು ಬಾಲ್ ಮಾತ್ರ ಹೆಚ್ಚಿಗೆ ಕೊಡಬೇಕು, ಹತ್ತಲ್ಲ. ಒಂದು ಗಂಟೆ ಹೀಗೆ ಕೊಟ್ಟು ಮಾರನೇ ದಿನ ಭುಜ ನೋವಿದ್ದರೂ ಖುಷಿಯಿಂದ ಹಾಲ್‌ಗೆ ಹೋದರೆ ಅವನು ಈ ಕೆಲಸದವನು. ಹಾಲ್‌ಗೆ ಹೋಗಿ ಇನ್ನೂ ತಾನೇ ಮ್ಯಾಚ್ ಆಡಬೇಕು ಅಂತ ಕೈ ತುರಿಸಿದರೆ ಇನ್ನೆರಡು ವರ್ಷ ಆಡಲಿ, ಬಿಡಿ.

ಬೆಂಗಳೂರಿನಲ್ಲಿ ಕೆಲಸಕ್ಕೆ ಬರ ಇಲ್ಲ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸ್‌ನಲ್ಲಿ ಟೇಬಲ್ ಇರುತ್ತದೆ, ಕೋಚ್ ಬೇಕು ಅಂತ ಅಪ್ಪ ಅಮ್ಮಂದಿರು ಕೇಳುತ್ತಿರುತ್ತಾರೆ. ದುಡ್ಡು ಬೇಗ ಕಾಣುತ್ತದೆ. ಅದಕ್ಕೇ ನನಗೆ ಭಯ. ಶುರುವಿನಲ್ಲೇ ಒಬ್ಬನೇ ಬ್ಯಾಚ್ ತಗೊಂಡರೆ ಅವನ ತಪ್ಪು ತಿದ್ದುವವರು ಯಾರೂ ಇರುವುದಿಲ್ಲ. ಒಂದೆರಡು ವರ್ಷ ಹಿರಿಯ ಕೋಚ್ ಕೈಕೆಳಗೆ, ಸಂಬಳ ಕಡಿಮೆಯಾದರೂ, ಇರಲಿ. ಜೊತೆಗೆ ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್) ಲೆವೆಲ್ 1 ಕೋಚಿಂಗ್ ಕೋರ್ಸ್ ಮಾಡಲಿ. ಕೆಲಸ ಹಿಡಿಸಿತು ಅಂದರೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾಗೆ ಪ್ರಯತ್ನಿಸಲಿ, ಸರ್ಕಾರಿ ಕೆಲಸಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಯಜಮಾನರಿಗೆ ಒಂದು ಸಂಜೆ ಅವನು ಮಕ್ಕಳಿಗೆ ಹೇಳಿಕೊಡುವುದನ್ನು ಬಂದು ನೋಡಲು ಹೇಳಿ. ಮನೆಯಲ್ಲಿ ಕೂತು ಮಾಡುವ ವಾದಕ್ಕಿಂತ ಅದು ಒಳ್ಳೆಯದು.

ಪ್ರಶ್ನೆ: ಸರ್, ನಾನು ಪಿಯುಸಿ ಓದುತ್ತಿದ್ದೇನೆ, ಟಿಟಿ ಆಟಗಾರ್ತಿ ಅರ್ಚನಾ ಕಾಮತ್ ಅವರ ಫ್ಯಾನ್. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳಾ ತಂಡ ಸೋತದ್ದೂ ಜರ್ಮನಿಗೇ ಅಲ್ವಾ? ಅವರ ಹುಡುಗಿಯರ ಕೋಚ್ ಕೂಡ ರೊಸ್ಕೊಫ್ ಅವರೇ ಆಗಿದ್ರಾ?
– ವಿದ್ಯಾರ್ಥಿನಿ, ಮಲ್ಲೇಶ್ವರಂ

ಉತ್ತರ: ಅಲ್ಲಮ್ಮ, ಅವರು ಆಗ ಪುರುಷರ ಕೋಚ್ ಆಗಿದ್ದರು. ಹುಡುಗಿಯರ ಕುರ್ಚಿಯಲ್ಲಿ ಇದ್ದದ್ದು ತಮಾರಾ ಬೊರೊಸ್. ಕ್ರೊಯೇಷಿಯಾದವರು, 2003ರ ವಿಶ್ವ ಚಾಂಪಿಯನ್‌ಷಿಪ್ ಸಿಂಗಲ್ಸ್‌ನಲ್ಲಿ ಕಂಚು ಗೆದ್ದವರು. ಅಲ್ಲೂ ಚಾಂಪಿಯನ್ನೇ ಕೋಚ್, ನೋಡು. 2024ರ ಆ ಕ್ವಾರ್ಟರ್‌ಫೈನಲ್‌ನಲ್ಲಿ ನಾವು 1–3ರಲ್ಲಿ ಸೋತೆವು. ಆ ಒಂದನ್ನು ಗೆದ್ದುಕೊಟ್ಟವರು ನಮ್ಮ ಬೆಂಗಳೂರಿನ ಅರ್ಚನಾ, ಜರ್ಮನಿಯ ಶಾನ್ ಶಿಯಾವೊನಾ ಎದುರು. ಅವರ ಹೊಸ ಹುಡುಗಿ ಆನೆಟ್ ಕೌಫ್‌ಮನ್, ಎಡಗೈ, ಆಗ ಹದಿನೆಂಟು ವರ್ಷ, ನಮ್ಮ ಮನಿಕಾ, ಶ್ರೀಜಾ ಇಬ್ಬರನ್ನೂ ಸೋಲಿಸಿದಳು. ಆಮೇಲೆ ಅರ್ಚನಾ ಓದಿನ ಕಡೆ ಹೋದರು. ಬೇಜಾರು ನನಗೂ ಆಯಿತು. ಆದರೆ ಆ ನಿರ್ಧಾರ ಅವರದು, ಅದರ ಬಗ್ಗೆ ಯಾರೂ ಕೊಂಕು ಮಾತಾಡಬಾರದು. ನೀನು ಮಾಡಬೇಕಾದ್ದು ಆ ಮ್ಯಾಚ್ ಮತ್ತೆ ನೋಡುವುದು. ಸ್ಕೋರ್ ಬಿಡು, ರಿಸೀವ್ ಮಾಡುವಾಗ ಅರ್ಚನಾ ಎಲ್ಲಿ ನಿಲ್ಲುತ್ತಾರೆ ಅದನ್ನು ನೋಡು.

ಪ್ರಶ್ನೆ: ಮ್ಯಾಚ್ ನಡೆಯುವಾಗ ಕೋಚ್ ಮಾತಾಡಬಹುದಾ? ಮಗಳ ಟೂರ್ನಮೆಂಟ್‌ನಲ್ಲಿ ಅಪ್ಪಂದಿರೆಲ್ಲ ಗ್ಯಾಲರಿಯಿಂದ ಕೂಗುತ್ತಿದ್ದರು.
– ಓದುಗರೊಬ್ಬರು, ಬನಶಂಕರಿ

ಉತ್ತರ: ಬಾಲ್ ಆಟದಲ್ಲಿ ಇರುವಾಗ ಬಾಯಿ ಬಿಡುವ ಹಾಗಿಲ್ಲ. ಎರಡು ಪಾಯಿಂಟ್ ನಡುವೆ, ಆಟ ತಡವಾಗದ ಹಾಗೆ, ಹೇಳಬಹುದು. ಈ ಅವಕಾಶ 2016ರ ಅಕ್ಟೋಬರ್‌ನಿಂದ ಬಂತು. ಅದಕ್ಕೆ ಮೊದಲು ಎರಡು ಗೇಮ್ ನಡುವಿನ ಒಂದು ನಿಮಿಷ ಮತ್ತು ಟೈಮ್‌ಔಟ್‌ನಂಥ ಬಿಡುವುಗಳಲ್ಲಿ ಮಾತ್ರ. ಟೈಮ್‌ಔಟ್ ಒಂದು ಮ್ಯಾಚ್‌ಗೆ ಒಬ್ಬರಿಗೆ ಒಂದೇ, ಅದೂ ಹೆಚ್ಚೆಂದರೆ ಒಂದು ನಿಮಿಷ. ಸಿಂಗಲ್ಸ್ ಮ್ಯಾಚ್‌ನಲ್ಲಿ ಸಲಹೆ ಕೊಡಲು ಒಬ್ಬರಿಗೆ ಮಾತ್ರ ಅವಕಾಶ, ಅವರು ಯಾರು ಅಂತ ಅಂಪೈರ್‌ಗೆ ಮೊದಲೇ ತಿಳಿಸಿರಬೇಕು. ಆದ್ದರಿಂದ ಗ್ಯಾಲರಿಯ ಅಪ್ಪಂದಿರು ಚಪ್ಪಾಳೆ ಹೊಡೆಯಬಹುದು, ‘ಬ್ಯಾಕ್‌ಹ್ಯಾಂಡ್‌ಗೆ ಹಾಕು’ ಅಂತ ಕೂಗುವ ಹಾಗಿಲ್ಲ. ಇನ್ನೊಂದು ಸಲ ಹಾಗಾದರೆ ಜಗಳ ಬೇಡ, ನಿಮ್ಮ ಮಗಳ ಕೋಚ್ ಮೂಲಕ ಅಂಪೈರ್‌ಗೆ ತಿಳಿಸಿ.